ಸೊನ್ನೆ ಇಡದ ಗೂಡು

ನಮ್ಮ ಊರಿನಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಎಲ್ಲರೂ ಮಲಗುತ್ತಾರೆ. ಎಚ್ಚರ ಇರುವವಳು ನಾನೊಬ್ಬಳೇ. ಊರಿನ ಯಂತ್ರಗಳಿಗೆ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಹೊಳೆಗೆ ಮುಖ ಮಾಡಿರುವ ಕಚೇರಿಯಲ್ಲಿ ಕುಳಿತು, ಬೀದಿಯಲ್ಲಿ ಕೊನೆಯ ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೆ, ಬರೆದದ್ದನ್ನು ಕಂಪ್ಯೂಟರಿನಲ್ಲಿ ಕಟ್ಟಲು ಹಚ್ಚುತ್ತೇನೆ. ನನ್ನ ಮಾತುಗಳು ಒಂದೊಂದಾಗಿ ಯಂತ್ರದ ಅಂಕಿಗಳಾಗಿ ಕಟ್ಟಿಕೊಳ್ಳುತ್ತಾ ಹೋಗುತ್ತವೆ. ಅಷ್ಟು ಹೊತ್ತೂ ಮಲಗಿದವರ ಕನಸಿನಲ್ಲಿ ನಾನು ಯಂತ್ರಕ್ಕೆ ಹೇಳಿದ ಕೆಲಸವೇ ನಡೆಯುತ್ತಿರುತ್ತದೆ. ಬೇರೆ ಕಡೆಯಿಂದ ಮದುವೆಯಾಗಿ ಬಂದ ಸೊಸೆಯಂದಿರು ಮೊದಮೊದಲು ಬೆಚ್ಚಿ ಎದ್ದು ಕೂರುತ್ತಾರೆ. ಕನಸಿನಲ್ಲಿ ರಾಟೆ ತಿರುಗಿದರೆ ಹೆದರಬೇಡ, ಎಲ್ಲಿ ಎಡವಿತು ಅನ್ನುವುದನ್ನಷ್ಟೇ ನೆನಪಿಟ್ಟುಕೋ ಎಂದು ಅತ್ತೆಯಂದಿರು ಹೇಳಿಕೊಡುತ್ತಾರೆ. ಆಮೇಲೆ ಅವರಿಗೂ ರೂಢಿಯಾಗುತ್ತದೆ.

ನಮ್ಮ ಊರಿನ ಯಂತ್ರಗಳೆಲ್ಲ ಸಣ್ಣವು. ಅವುಗಳ ಮೆಮರಿ ಹಕ್ಕಿಯ ಹೊಟ್ಟೆಯಷ್ಟು. ದೊಡ್ಡ ಮಾತು ಅವಕ್ಕೆ ಹಿಡಿಸುವುದಿಲ್ಲ. ಇಲ್ಲಿಂದ ತೆಗೆ, ಅಲ್ಲಿ ಇಡು, ಒಂದು ಕೂಡಿಸು, ಸೊನ್ನೆಯಾಯಿತೇ ನೋಡು, ಆಗಿದ್ದರೆ ಆ ಸಾಲಿಗೆ ಹಾರು, ಹೀಗೆ ತುತ್ತು ತುತ್ತಾಗಿ ಉಣಿಸಬೇಕು. ಪುಸ್ತಕದಲ್ಲಿ ಇದನ್ನು ಅಸೆಂಬ್ಲಿ ಭಾಷೆ ಎನ್ನುತ್ತಾರೆ. ಅಂಕಿಗಳನ್ನು ಇಡಲು ಯಂತ್ರದೊಳಗೆ ಕೆಲವು ಪುಟ್ಟ ಜಾಗಗಳಿವೆ. ಗೋಡೆಯಲ್ಲಿ ದೀಪ ಇಡುವ ಗೂಡಿನ ಹಾಗೆ ಇರುವುದರಿಂದ ನಾವು ಅವನ್ನು ಗೂಡು ಎಂದೇ ಕರೆಯುತ್ತೇವೆ. ಈ ಭಾಷೆ ನಿನ್ನ ಮನಸ್ಸಿನಲ್ಲಿ ಏನಿತ್ತು ಎಂದು ಕೇಳುವುದಿಲ್ಲ. ಹೇಳಿದ್ದನ್ನು ಮಾಡುತ್ತದೆ. ಸರಿಯೋ ತಪ್ಪೋ, ಕಂಪ್ಯೂಟರು ಸುಮ್ಮನೆ ಕಟ್ಟಿಬಿಡುತ್ತದೆ. ತಪ್ಪು ಹಿಡಿಯುವವರು ಮಲಗಿದವರು ಮಾತ್ರ.

ಒಮ್ಮೆ ನೀರಿನ ಪಂಪಿಗೆ ಬರೆದಾಗ ಊರಿಗೆ ಊರೇ ಕನಸಿನಲ್ಲಿ ಬಾವಿಯ ಮೆಟ್ಟಿಲಿಳಿಯಿತು. ಮೇಲೆ ಬರಲು ತಿರುಗಿದರೆ ಮೆಟ್ಟಿಲುಗಳೇ ಇರಲಿಲ್ಲ. ಎದ್ದವರೆಲ್ಲ ಮೊಣಕಾಲು ನೀವಿಕೊಳ್ಳುತ್ತಾ ಕಚೇರಿಯ ಕಟ್ಟೆಗೆ ಬಂದು ಚಹಾ ಕುಡಿಯುತ್ತಾ ನನ್ನನ್ನು ಬೈದರು. ಕೆಲಸ ಮುಗಿದ ಮೇಲೆ ಹಿಂದಿರುಗು ಎನ್ನುವ ಒಂದು ಸಾಲು ಬಿಟ್ಟುಹೋಗಿತ್ತು. ಇನ್ನೊಮ್ಮೆ ಹಿಟ್ಟಿನ ಗಿರಣಿಗೆ ಬರೆದಾಗ, ಕನಸಿನಲ್ಲಿ ತಮ್ಮ ಡಬ್ಬಿಯಲ್ಲಿ ಜೋಳ ತುಂಬಿಟ್ಟವರು ಮುಚ್ಚಳ ತೆಗೆದರೆ ಪಕ್ಕದ ಮನೆಯ ಎಣ್ಣೆ ಕಂಡಿತು. ಎರಡು ಲೆಕ್ಕಗಳಿಗೆ ಒಂದೇ ಗೂಡು ಬಳಸಿದ್ದೆ. ಹೊಟ್ಟೆ ಬಿರಿಯ ಉಂಡವರ ಕನಸನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಲ್ಲರಿಗಿಂತ ನಿಚ್ಚಳವಾಗಿ ಕನಸು ಕಾಣುತ್ತಿದ್ದವಳು ಚುರುಮುರಿ ಭಟ್ಟಿಯ ಸಾವಂತ್ರೆವ್ವ. ಬೆಳಗಿನಿಂದ ಬೆಂಕಿಯ ಮುಂದೆ ಕುಳಿತು ಅಕ್ಕಿ ಹುರಿದು ದಣಿದ ಅವಳು ತಲೆ ಇಟ್ಟ ಕೂಡಲೇ ಕನಸಿಗೆ ಇಳಿಯುತ್ತಿದ್ದಳು. ಅವಳು ಸರಿ ಎಂದರೆ ಪ್ರೋಗ್ರಾಂ ಸರಿ.

ಬರೆದವಳು ಮಾತ್ರ ಮಲಗಬಾರದು. ಇದು ನನಗೆ ಕೆಲಸ ಕಲಿಸಿದವರು ಹೇಳಿದ ಮಾತು. ಬರೆದವಳು ಮಲಗಿದರೆ ತಾನು ಬರೆದದ್ದು ಅವಳಿಗೆ ಕಾಣುವುದಿಲ್ಲ, ಬರೆಯಬೇಕು ಅಂದುಕೊಂಡಿದ್ದು ಕಾಣುತ್ತದೆ. ಅದಕ್ಕೇ ಆ ಹೊತ್ತಿನಲ್ಲಿ ನಾನು ಬೀದಿಯಲ್ಲಿ ತಿರುಗಾಡುತ್ತೇನೆ. ಕಿಟಕಿಗಳಿಂದ ಉಸಿರಾಟ ಕೇಳುತ್ತದೆ. ನಾಯಿಗಳೂ ಮಲಗಿ ಕಾಲು ಅಲ್ಲಾಡಿಸುತ್ತಿರುತ್ತವೆ. ಬಿಸಿಲು ಬೀದಿಯ ಮೇಲೆ ಬಿಳಿ ಬಟ್ಟೆಯ ಹಾಗೆ ಹಾಸಿರುತ್ತದೆ. ಇಡೀ ಊರು ನನ್ನ ತಲೆಯಲ್ಲಿ ಹುಟ್ಟಿದ ಯಾವುದೋ ರಾಟೆಯ ಜೊತೆ ತಿರುಗುತ್ತಿದೆ, ನಾನು ಮಾತ್ರ ಹೊರಗೆ ಇದ್ದೇನೆ ಅನ್ನಿಸುತ್ತದೆ.

ನಮ್ಮ ಹೊಳೆಯನ್ನು ದಾಟಲು ಅಗಲವಾದ ಹಲಗೆ ದೋಣಿಯೊಂದಿದೆ. ದಂಡೆಯಿಂದ ದಂಡೆಗೆ ಬಿಗಿದ ಹಗ್ಗವನ್ನು ಎಳೆಯುತ್ತಾ ಅದನ್ನು ಸಾಗಿಸಬೇಕು. ಮೀರಾಸಾಬ ಕಾಕಾ ಮತ್ತು ಅವನ ತಮ್ಮ ದಾವಲ್ ಚಿಕ್ಕಂದಿನಿಂದ ಆ ಹಗ್ಗ ಎಳೆದವರು. ಒಂದು ಮಳೆಗಾಲದಲ್ಲಿ ದಾವಲ್ ಕಾಲು ಜಾರಿ ಸೆಳವಿನಲ್ಲಿ ಹೋದ. ಅಲ್ಲಿಂದ ಕಾಕಾ ಒಬ್ಬನೇ ಎಳೆಯುತ್ತಿದ್ದ. ಅಂಗೈಗಳು ಹಗ್ಗದಷ್ಟೇ ಒರಟಾಗಿದ್ದವು, ಬೆರಳುಗಳು ಪೂರ್ತಿ ಬಿಚ್ಚಿಕೊಳ್ಳುತ್ತಿರಲಿಲ್ಲ. ಈ ವರ್ಷ ಊರಿನ ಪಂಚರು ಮೋಟಾರು ತಂದು ರಾಟೆ ಕೂರಿಸಿದರು. ರಾಟೆ ಹಗ್ಗವನ್ನು ಎಳೆಯಬೇಕು, ಎಳೆದ ಹಗ್ಗದ ಲೆಕ್ಕ ಇಟ್ಟುಕೊಳ್ಳಬೇಕು, ಆಚೆ ದಂಡೆ ಹತ್ತಿರ ಬಂದಾಗ ನಿಧಾನವಾಗಬೇಕು. ಆ ದಂಡೆಯಲ್ಲಿ ಕಲ್ಲಿನ ಮೆಟ್ಟಿಲುಗಳಿವೆ. ಓಟದಲ್ಲಿ ಹೋಗಿ ಬಡಿದರೆ ದೋಣಿಯೂ ಉಳಿಯುವುದಿಲ್ಲ, ಅದರಲ್ಲಿ ಕುಳಿತವರೂ ಉಳಿಯುವುದಿಲ್ಲ.

ನಾನು ಬರೆದೆ. ಮೊದಲ ದಿನ ಕಟ್ಟಿದಾಗ ಎಲ್ಲರೂ ಬಾಯಾರಿ ಎದ್ದರು. ದೋಣಿ ಹೋಗುತ್ತದೆ, ಹೋಗುತ್ತಲೇ ಇರುತ್ತದೆ, ದಂಡೆ ಬರುವುದೇ ಇಲ್ಲ. ಎಳೆದ ಹಗ್ಗದ ಲೆಕ್ಕ ಸೊನ್ನೆಯಿಂದ ಶುರುವಾಗಬೇಕಲ್ಲ, ಅದಕ್ಕಾಗಿ ‘ಮೂರನೆಯ ಗೂಡಿನಲ್ಲಿ ಸೊನ್ನೆ ಇಡು’ ಎಂದು ಬರೆದಿದ್ದೆ. ಆದರೆ ಆ ಸಾಲನ್ನು ರಾಟೆಯ ಸುತ್ತಿನ ಒಳಗೇ ಬರೆದಿದ್ದೆ. ಪ್ರತಿ ಸುತ್ತಿಗೂ ಲೆಕ್ಕ ಮತ್ತೆ ಸೊನ್ನೆಯಾಗುತ್ತಿತ್ತು. ಆ ಸಾಲನ್ನು ಅಲ್ಲಿಂದ ತೆಗೆದೆ. ಮರುದಿನ ಮತ್ತೆ ಕಟ್ಟಿದೆ.

ಆ ದಿನ ಊರು ಏಳುವುದು ತಡವಾಯಿತು. ಚಹಾದ ಪಾತ್ರೆ ಎರಡು ಸಲ ಕುದಿದು ಆರಿದ ಮೇಲೆ ಒಬ್ಬೊಬ್ಬರಾಗಿ ಬಂದರು. ಮುಖಗಳಲ್ಲಿ ಏನೋ ಬೆಳಕಿತ್ತು, ಕಣ್ಣುಗಳು ಕೆಂಪಗಿದ್ದವು. ಸಾವಂತ್ರೆವ್ವ ಬಂದು ಕಂಬಕ್ಕೆ ಒರಗಿ ನಿಂತಳು.

“ಹೆಂಗ ಆತು ಚಿಗವ್ವಾ?” ಎಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಛಲೋ ಆತು ಕಸ್ತೂರಿ. ಏನೂ ತಪ್ಪಿಲ್ಲ.”

ಉಳಿದವರೂ ತಲೆಯಾಡಿಸಿದರು. ನಾನು ಹಿಗ್ಗಿ ಎಲ್ಲರಿಗೂ ಇನ್ನೊಂದು ಸುತ್ತು ಚಹಾ ಕೊಡಿಸಿದೆ. ಹಾಗಾದರೆ ಇದನ್ನು ರಾಟೆಗೆ ಹಾಕಿಬಿಡೋಣ ಎಂದಾಗ ಪಂಚರ ಹಿರಿಯ ಗುರುಪಾದಪ್ಪಜ್ಜ ತಡೆದ.

“ಅವಸರ ಯಾಕ? ನನಗ ದೋಣಿ ಒಂದಿಷ್ಟು ಎಡಕ್ಕ ವಾಲಿದಂಗ ಕಂಡತು. ನಾಳಿಗೆ ಇನ್ನೊಮ್ಮೆ ಕಟ್ಟು.”

ದೋಣಿ ವಾಲುವುದಕ್ಕೂ ನಾನು ಬರೆದದ್ದಕ್ಕೂ ಸಂಬಂಧವೇ ಇರಲಿಲ್ಲ. ಆದರೂ ಹಿರಿಯರ ಮಾತು ಎಂದು ಒಂದೊಂದೇ ಸಾಲು ಓದಿ ನೋಡಿದೆ, ಏನೂ ಕಾಣಲಿಲ್ಲ. ಮರುದಿನ ಇನ್ನೊಮ್ಮೆ ಕಟ್ಟಿದೆ. ಅವತ್ತು ಯಾರಿಗೋ ರಾಟೆ ಕಿರುಗುಟ್ಟಿದ ಹಾಗೆ ಕೇಳಿತ್ತು. ಅದರ ಮರುದಿನ ಇನ್ಯಾರಿಗೋ ಹಗ್ಗದ ಬಣ್ಣ ಬೇರೆ ಕಂಡಿತ್ತು. ಹೀಗೆ ದಿನಕ್ಕೊಂದು ಹುಳುಕು ಹೊರಡುತ್ತಿತ್ತು, ನಾನು ಹುಡುಕುತ್ತಿದ್ದೆ, ಏನೂ ಸಿಗುತ್ತಿರಲಿಲ್ಲ, ಮತ್ತೆ ಕಟ್ಟುತ್ತಿದ್ದೆ.

ಆ ದಿನಗಳಲ್ಲಿ ಊರು ಬೇರೆ ಥರ ಆಯಿತು. ಮಧ್ಯಾಹ್ನ ಮಲಗುವ ಮುಂಚೆ ಜನ ಸ್ನಾನ ಮಾಡತೊಡಗಿದರು. ಗಂಡಸರು ಗಡ್ಡ ಹೆರೆಸಿಕೊಂಡು ಇಸ್ತ್ರಿ ಅಂಗಿ ತೊಟ್ಟು ಚಾಪೆಯ ಮೇಲೆ ಒರಗುತ್ತಿದ್ದರು. ಹೆಂಗಸರು ಪೆಟ್ಟಿಗೆಯಿಂದ ಮದುವೆಯ ಸೀರೆ ತೆಗೆದರು. ಹೂ ಮಾರುವವಳ ಬುಟ್ಟಿ ಊಟದ ಹೊತ್ತಿಗೇ ಬರಿದಾಗುತ್ತಿತ್ತು. ನಾನು ಬೀದಿಯಲ್ಲಿ ನಡೆಯುತ್ತಾ ಕಿಟಕಿಗಳಲ್ಲಿ ನೋಡುತ್ತಿದ್ದೆ. ಮುಡಿಯಲ್ಲಿ ಮಲ್ಲಿಗೆ, ಹಣೆಯ ಮೇಲೆ ವಿಭೂತಿ, ಕಣ್ಣಿಗೆ ಸುರಮಾ. ಇಡೀ ಊರು ಎಲ್ಲಿಗೋ ಹೊರಟ ಹಾಗೆ ಸಿಂಗರಿಸಿಕೊಂಡು ಮಲಗಿರುತ್ತಿತ್ತು. ಒಂದು ಮನೆಯಲ್ಲಿ ಮುದುಕನೊಬ್ಬ ನಿದ್ದೆಯಲ್ಲೇ ಕೈ ಮುಂದೆ ಚಾಚಿ ಯಾರದೋ ಕೆನ್ನೆ ಸವರುವ ಹಾಗೆ ಗಾಳಿಯನ್ನು ಸವರಿದ.

ನಮ್ಮ ಅವ್ವನೂ ಹಾಗೇ ಆದಳು. ಅಪ್ಪ ಹೋದ ಮೇಲೆ ಮೂಲೆಗಿಟ್ಟಿದ್ದ ಕೆಂಪು ದಡಿಯ ಇಳಕಲ್ ಸೀರೆ ಉಟ್ಟು, ಊಟದ ಗಂಗಾಳ ತೊಳೆಯುವುದಕ್ಕೂ ನಿಲ್ಲದೆ ಒಳಗೆ ಹೋಗುತ್ತಿದ್ದಳು. ಬೆಳಿಗ್ಗೆ ನಾನೇನಾದರೂ ಕೇಳಿದರೆ ಹೂಂ ಎನ್ನುತ್ತಿದ್ದಳು, ಕಣ್ಣು ಮಾತ್ರ ಗೋಡೆಯ ಗಡಿಯಾರದ ಮೇಲೆ.

“ಯಾಕವ್ವಾ ಇಷ್ಟ್ ಚೆಂದ ತಯಾರಾಗಿ ಮಲಗತಿ?” ಎಂದು ಒಂದು ದಿನ ಕೇಳಿದೆ.

“ಸುಮ್ಮನ,” ಎಂದಳು. “ಎಲ್ಲಾರೂ ಉಡಾಕತ್ಯಾರ. ನಾನೂ ಉಟ್ಟೆ.”

ನನಗೆ ತಡೆಯಲಾಗಲಿಲ್ಲ. ಹುಳುಕು ಎಲ್ಲಿದೆ ಎಂದು ಸ್ವತಃ ನೋಡಿಯೇಬಿಡುತ್ತೇನೆ ಎಂದು, ಕಲಿಸಿದವರ ಮಾತು ಮೀರಿ, ಮರುದಿನ ಕಟ್ಟಲು ಹಚ್ಚಿ ಕಚೇರಿಯ ನೆಲದ ಮೇಲೆ ಚಾಪೆ ಹಾಸಿಕೊಂಡೆ. ಬೇಗ ಜೊಂಪು ಹತ್ತಿತು. ಹೊಳೆ ಹಾಲಿನ ಹಾಗೆ ಬೆಳ್ಳಗೆ ಇತ್ತು. ರಾಟೆ ತಿರುಗಿತು. ಗೋಡೆಯೊಂದು ಬಂತು, ಅದರಲ್ಲಿ ಸಾಲಾಗಿ ಗೂಡುಗಳು, ಮೂರನೆಯದರಲ್ಲಿ ಕೋಳಿಮೊಟ್ಟೆಯಂಥ ಒಂದು ಸೊನ್ನೆ ತಣ್ಣಗೆ ಕುಳಿತಿತ್ತು. ಹಗ್ಗ ಬಿಗಿಯಾಯಿತು, ದೋಣಿ ಹೊರಟಿತು, ಆಚೆ ದಂಡೆಗೆ ಹೋಗಿ ಹಕ್ಕಿಯ ಗರಿ ಬಿದ್ದಂತೆ ನಿಂತಿತು. ಎಲ್ಲವೂ ಇರಬೇಕಾದ ಹಾಗೆಯೇ ಇತ್ತು. ಅಲ್ಲಿ ಯಾರೂ ಇರಲಿಲ್ಲ.

ಎದ್ದು ಕಟ್ಟೆಗೆ ಬಂದು, ನಾಡಿದ್ದು ದೋಣಿ ಬಿಡೋಣ, ಇನ್ನು ಯಾರ ಮಾತೂ ಕೇಳುವುದಿಲ್ಲ ಎಂದು ಸಾರಿದೆ. ಖುಷಿ ಪಡುತ್ತಾರೆ ಎಂದುಕೊಂಡಿದ್ದೆ. ಚಹಾದ ಬಟ್ಟಲು ಹಿಡಿದವರು ಹಾಗೇ ಕುಳಿತರು.

ದೋಣಿ ಬಿಡುವ ಹಿಂದಿನ ಸಂಜೆ ಪ್ರೋಗ್ರಾಂ ತುಂಬಿದ ಬೋರ್ಡನ್ನು ಡಬ್ಬಿಯಲ್ಲಿ ಇಡುತ್ತಾ ಕಚೇರಿಯ ಒಳಗೆ ಇದ್ದೆ. ಹೊರಗೆ ಕಟ್ಟೆಯ ಮೇಲೆ ಮೀರಾಸಾಬ ಕಾಕಾನ ದನಿ ಕೇಳಿತು. ಸಾವಂತ್ರೆವ್ವನೂ ಇದ್ದಳು. ನಾನು ಒಳಗೆ ಇರುವುದು ಅವರಿಗೆ ತಿಳಿದಿರಲಿಲ್ಲ.

“ನಾಳೆ ಯಾರನ್ನೂ ಹತ್ತಿಸ್ಕೊಳ್ಳೂದಿಲ್ಲ ತಂಗಿ,” ಎನ್ನುತ್ತಿದ್ದ ಕಾಕಾ. “ಮೊದಲ ನಾ ಒಬ್ಬಾವ ಹೋಗತೀನಿ. ಏನರ ಆದ್ರ ನನಗ ಆಗಲಿ.”

“ಆಗತದ ಅಂತ ಗೊತ್ತಿದ್ದೂ ಹೋಗತೀಯೇನಣ್ಣಾ?”

“ನಾ ಬಾಯಿ ಬಿಟ್ಟೆ ಅಂದ್ರ ಕಸ್ತೂರಿ ಅದನ್ನ ಸರಿ ಮಾಡತಾಳ. ಆಮ್ಯಾಲೆ ದಾವಲ್ ಎಲ್ಲಿ ಬರ್ತಾನ? ಇಷ್ಟು ದಿನ ಆದಮ್ಯಾಲೆ ತಮ್ಮನ ಮಾರಿ ನೋಡೇನಿ. ಅವನನ್ನ ನಾನ ಹೆಂಗ ತೆಗೆಸಲಿ? ದೋಣಿ ಒಡದ್ರ ಒಡೀಲಿ. ಪ್ರೋಗ್ರಾಮ್ ಮತ್ತ ಕಟ್ಟತಾಳ, ಮತ್ತ ನಿಮಗೆಲ್ಲಾ ನಿಮ್ಮ ನಿಮ್ಮವರು ಬರ್ತಾರ.”

ಡಬ್ಬಿ ಕೈಯಲ್ಲಿ ಹಿಡಿದೇ ನಾನು ಬಾಗಿಲಿಗೆ ಬಂದೆ. ಇಬ್ಬರೂ ನನ್ನನ್ನು ನೋಡಿದರು. ಕಾಕಾ ಎದ್ದು ನಿಂತ, ಮತ್ತೆ ಕುಳಿತ.

“ಯಾರು ಬರ್ತಾರ ಕಾಕಾ?” ಎಂದೆ.

ಸಾವಂತ್ರೆವ್ವ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಅವಳ ಕೈಯಿಂದ ಹುರಿದ ಅಕ್ಕಿಯ ವಾಸನೆ ಬರುತ್ತಿತ್ತು.

“ಹೇಳತೀನಿ ಯವ್ವಾ. ಸಿಟ್ಟಾಗಬ್ಯಾಡ. ರಾಟಿ ಮೊದಲನೇ ಸುತ್ತ ಹೊಡೀತದ. ಹಗ್ಗ ಇನ್ನ ಬಿಗಿ ಆಗಿರೂದಿಲ್ಲ. ಅಷ್ಟರಾಗ ಒಂದ ಗ್ವಾಡಿ ಬರ್ತದ, ಗ್ವಾಡ್ಯಾಗ ಗೂಡ ಅದಾವ. ಎಷ್ಟ ಹಗ್ಗ ಎಳದೇವಿ ಅಂತ ನೋಡಾಕ ಮೂರನೇ ಗೂಡಿನಾಗ ಕೈ ಹಾಕತೀನಿ. ಅಲ್ಲಿ ಲೆಕ್ಕ ಇರೂದಿಲ್ಲ. ಚಂಪಾ ಇರ್ತಾಳ.”

ಚಂಪಾ ಅವಳ ಮಗಳು. ನನ್ನ ಓರಗೆಯವಳು. ಒಂದು ಹಬ್ಬದ ಬೆಳಿಗ್ಗೆ ಜ್ವರ ಬಂದು ಮಲಗಿದವಳು ಮತ್ತೆ ಏಳಲಿಲ್ಲ. ನಾವಿಬ್ಬರೂ ಕೂಡಿ ಶಾಲೆಗೆ ಹೋಗುತ್ತಿದ್ದೆವು.

“ನಿನಗ ಚಂಪಾ. ಕಾಕಾಗ ದಾವಲ್ ಕಾಕಾ. ಹಂಗಾದ್ರ ಎಲ್ಲಾರಿಗೂ?”

“ಹೂಂ. ಗುರುಪಾದಪ್ಪಗ ಅವನ ಮೊದಲನೇ ಹೆಂಡತಿ. ಅದಕ್ಕ ನಿನಗ ದಿನಾ ಒಂದೊಂದ ಸುಳ್ಳ ಹೇಳೇವಿ. ನೀ ಮತ್ತ ಕಟ್ಟಲಿ ಅಂತ.”

ನಾನು ಒಳಗೆ ಹೋಗಿ ಕಂಪ್ಯೂಟರು ತೆರೆದೆ. ಈ ಸಲ ಅರ್ಥ ಹಚ್ಚಿಕೊಳ್ಳದೆ, ಅಕ್ಷರಗಳ ಮೇಲೆ ಬೆರಳಿಟ್ಟು, ಬೇರೆ ಯಾರೋ ಬರೆದದ್ದನ್ನು ಓದುವ ಹಾಗೆ ಓದಿದೆ. ಸುತ್ತಿನ ಒಳಗಿನಿಂದ ತೆಗೆದ ಸಾಲನ್ನು ಸುತ್ತು ಶುರುವಾಗುವ ಮೊದಲು ಇಡಬೇಕಿತ್ತು. ಇಟ್ಟಿರಲಿಲ್ಲ. ಇಟ್ಟಿದ್ದೇನೆ ಎಂದೇ ಅಷ್ಟು ದಿನವೂ ಓದಿದ್ದೆ. ನನ್ನ ಕನಸಿನಲ್ಲೂ ಅದು ಇತ್ತು. ಯಂತ್ರದೊಳಗೆ ಮಾತ್ರ ಮೂರನೆಯ ಗೂಡನ್ನು ಯಾರೂ ಬರಿದು ಮಾಡಿರಲಿಲ್ಲ. ಅಂಥ ಗೂಡಿನಲ್ಲಿ ಹಿಂದೆ ಏನಿತ್ತೋ ಅದೇ ಉಳಿದಿರುತ್ತದೆ. ರಾಟೆ ಅದನ್ನೇ ಹಗ್ಗದ ಲೆಕ್ಕ ಎಂದು ನಂಬುತ್ತದೆ. ಎಲ್ಲಿ ನಿಧಾನಿಸಬೇಕೆಂದು ಅದಕ್ಕೆ ತಿಳಿಯುವುದೇ ಇಲ್ಲ. ಮೀರಾಸಾಬ ಕಾಕಾ ಮರುದಿನ ಬೆಳಿಗ್ಗೆ ಓಟದಲ್ಲಿ ಹೋಗಿ ಕಲ್ಲಿಗೆ ಬಡಿಯುತ್ತಿದ್ದ. ದಿನವೂ ಕನಸಿನ ಕೊನೆಗೆ ಅದನ್ನೇ ಕಂಡಿದ್ದ ಅವನಿಗೂ ಅದು ಗೊತ್ತಿತ್ತು.

ಸಾಲು ಬರೆಯಲು ಆಗಲಿಲ್ಲ. ಡಬ್ಬಿಯನ್ನು ಕಪಾಟಿನಲ್ಲಿ ಇಟ್ಟು, ನಾಳೆ ದೋಣಿ ಇಲ್ಲ ಎಂದಷ್ಟೇ ಹೇಳಿ ಮನೆಗೆ ನಡೆದೆ.

ಅವ್ವ ಹೊಸ್ತಿಲಲ್ಲಿ ಕುಳಿತು ಅಕ್ಕಿಯಲ್ಲಿ ಹರಳು ಆರಿಸುತ್ತಿದ್ದಳು. ನಾನು ಎದುರಿಗೆ ಕುಳಿತೆ.

“ಅವ್ವಾ, ಅಪ್ಪ ಬರ್ತಾರೇನು?”

ಮೊರದ ಮೇಲೆ ಅವಳ ಬೆರಳು ನಿಂತವು. “ದಿನಾ,” ಎಂದಳು.

“ಏನ್ ಮಾಡತಾರ?”

“ಸೈಕಲ್ ಒರಸತಾರ. ಒರಸಿ, ಬರತೀನಿ ಅಂತಾರ. ಹೋಗತಾರ.”

“ನನ್ನ ಕೇಳತಾರೇನು?”

ಅವಳು ಒಂದು ಹರಳು ಆರಿಸಿ ಅಂಗಳಕ್ಕೆ ಎಸೆದಳು. “ಅಷ್ಟ ಹೊತ್ತು ಇರೂದಿಲ್ಲ ಕಸ್ತೂರಿ,” ಎಂದಳು.

ಮರುದಿನ ಬೆಳಿಗ್ಗೆ ಊರೆಲ್ಲ ಕಟ್ಟೆಯ ಮುಂದೆ ಸೇರಿತು. ನಾನು ಕಂಡುಕೊಂಡದ್ದನ್ನು ಎಲ್ಲರಿಗೂ ಬಿಡಿಸಿ ಹೇಳಿದೆ. ಯಾರೂ ಬೆರಗಾಗಲಿಲ್ಲ. ಗುರುಪಾದಪ್ಪಜ್ಜ ಕೋಲು ಊರಿಕೊಂಡು ಮುಂದೆ ಬಂದ.

“ನೀ ಸಿಟ್ಟಾಗೂದು ಖರೇ ಅದ ಮಗಳ. ಆದ್ರ ಒಂದ ಮಾತು ಕೇಳು. ಈ ಪ್ರೋಗ್ರಾಮ್ ರಾಟಿಗೆ ಹಾಕಬ್ಯಾಡ. ಯಾರಿಗೂ ಏನೂ ಆಗೂದಿಲ್ಲ. ಹಗ್ಗ ನಾವ ಎಳೀತೀವಿ, ಮನಿಗೊಬ್ಬರು ಪಾಳಿ ಹಚ್ಚಿ. ನೀ ಮಧ್ಯಾಹ್ನಕ್ಕ ಇದನ್ನ ಕಟ್ಟು. ದಿನಾ ಇದನ್ನ. ಮುಗಸೂದೇ ಬ್ಯಾಡ.”

“ಹೌದು, ಹೌದು,” ಎಂದು ಜನ ಗುಜುಗುಜು ಮಾಡಿದರು. ಅವ್ವನೂ ಆ ಗುಂಪಿನಲ್ಲಿದ್ದಳು. ಅವಳ ಕಣ್ಣು ನನ್ನ ಮೇಲೇ ನೆಟ್ಟಿತ್ತು.

ಹಾಗೆ ಮಾಡಿದರೆ ಯಾರಿಗೆ ನಷ್ಟ? ಗಿರಣಿ, ಪಂಪು ಎಲ್ಲಕ್ಕೂ ಬರೆಯಬೇಕಾದ ಕೆಲಸ ಬಿದ್ದಿದೆ, ಮಧ್ಯಾಹ್ನ ಇರುವುದು ಒಂದೇ ಎನ್ನಬಹುದಿತ್ತು. ತಮ್ಮವರನ್ನು ಪ್ರತಿದಿನ ನೋಡುವ ಜನಕ್ಕೆ ಗಿರಣಿಯ ಮಾತು ಹೇಳುವುದು ಹೇಗೆ? ನನಗಾದರೋ ಆ ಗೂಡಿನಲ್ಲಿ ಯಾರೂ ಕಾಣಿಸಿರಲಿಲ್ಲ. ಇಡೀ ಊರಿನಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲದವಳು ನಾನೊಬ್ಬಳೇ. ಆ ಸಾಲು ಬರೆಯುವ ಕೈಯೂ ನನ್ನದೇ. ಅದು ನ್ಯಾಯ ಅನ್ನಿಸಲಿಲ್ಲ.

ಆಗ ಸಾವಂತ್ರೆವ್ವ ಮಾತಾಡಿದಳು. ಅವಳ ದನಿ ದೊಡ್ಡದೇನಲ್ಲ. ಆದರೆ ಕನಸಿನ ಮಾತು ಬಂದಾಗ ಜನ ಅವಳಿಗೆ ಕಿವಿಗೊಡುತ್ತಿದ್ದರು.

“ನನ್ನ ಮಗಳು ಬಾಗಲಾ ಹಿಡಕೊಂಡು ನಿಂತಿರ್ತಾಳ,” ಎಂದಳು. “ಅವ್ವಾ ನೀರು ಕಾದಾವೇನು ಅಂತಾಳ. ಹಬ್ಬದ ದಿನಾ ಕೇಳಿದ್ಲಲ್ಲ, ಅದೇ ಮಾತು. ಕಾದಾವ ಬಾ ಅಂತೀನಿ. ಅಕಿಗೆ ಕೇಳಸೂದಿಲ್ಲ. ಮತ್ತ ಅಂತಾಳ, ಅವ್ವಾ ನೀರು ಕಾದಾವೇನು. ಕಾದಾವ, ಬಾ ನನ ಕೂಸ, ಎರೀತೀನಿ ಅಂತ ಒದರತೀನಿ. ಅಷ್ಟರಾಗ ಹಗ್ಗ ಬಿಗೀತದ, ದೋಣಿ ಹೊರಡತದ. ಅಕಿ ಅಲ್ಲೇ ನಿಂತಿರ್ತಾಳ. ಮೊದಲ ಮೊದಲ ಅಕಿ ಮಾರಿ ನೋಡಿದ್ರ ಸಾಕು ಅನ್ನಸ್ತಿತ್ತು. ಈಗ ಹಂಗ ಅನ್ನಸೂದಿಲ್ಲ. ಎಷ್ಟ ದಿನ ನಿಂದರಸೂದು ಅಕಿನ್ನ? ನೀರು ಕಾದಾವೇನು ಅಂತ ಎಷ್ಟ ಸಲ ಕೇಳಸೂದು? ತಾಯಿ ಆಗಿ ಒಮ್ಮೆನೂ ನಾ ಜವಾಬು ಕೊಡಾಕ ಆಗವಲ್ದು.”

ಅವಳು ನಿಲ್ಲಿಸಿದಳು. ಯಾರೋ ಬಿಕ್ಕಿದರು.

“ನಿಮ್ಮವರು ನಿಮ್ಮ ಮಾತಿಗೆ ಮಾತು ಕೊಡತಾರೇನು? ಯಾರಿಗರ ಕೊಟ್ಟಾರೇನು? ಹೇಳ್ರಿ.”

ಗುರುಪಾದಪ್ಪಜ್ಜ ಕೋಲಿನ ತುದಿಯಿಂದ ನೆಲ ಕೆದಕಿದ. ಆಮೇಲೆ ಮೆಲ್ಲಗೆ, “ಇಲ್ಲ,” ಎಂದ. “ಅಕಿ ತನ್ನ ಪಾಡಿಗೆ ತಾ ಹೂ ಕಟ್ಟತಿರ್ತಾಳ. ನನ್ನ ಕಡೆ ನೋಡೂದೂ ಇಲ್ಲ.”

ಮೀರಾಸಾಬ ಕಾಕಾ ಎಲ್ಲರಿಗಿಂತ ಹಿಂದೆ, ಬೇವಿನ ಗಿಡದ ಕೆಳಗೆ ನಿಂತಿದ್ದ. ಸಾವಂತ್ರೆವ್ವ ಅವನ ಕಡೆ ತಿರುಗಿದಳು.

“ದಾವಲ್ ಏನಂತಾನಣ್ಣಾ?”

“ಹಗ್ಗ ಬಿಡಬ್ಯಾಡ ಅಂತಾನ,” ಎಂದ ಕಾಕಾ. “ದಿನಾ ಅಷ್ಟ ಅಂತಾನ. ದಿನಾ ನಾ ಬಿಟ್ಟಿರ್ತೀನಿ.” ಅವನು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಜನ ದಾರಿ ಬಿಟ್ಟರು. ಸಾವಂತ್ರೆವ್ವ ಹೋಗಿ ಅವನ ಪಕ್ಕದಲ್ಲಿ ನಿಂತಳು. ಆಮೇಲೆ ಮುಖದಿಂದ ಕೈ ತೆಗೆದು ನನ್ನನ್ನು ನೋಡಿ, “ಸರಿ ಮಾಡು ಮಗಳ,” ಎಂದ.

ನಾನು ಅವ್ವನ ಕಡೆ ನೋಡಿದೆ. ಅವಳು ತಲೆ ತಗ್ಗಿಸಿದಳು. ಬೇಡ ಎಂದು ಹೇಳಲಿಲ್ಲ.

ಸುತ್ತು ಶುರುವಾಗುವ ಸಾಲಿನ ಮೇಲೆ ಜಾಗ ಮಾಡಿಕೊಂಡು ‘ಮೂರನೆಯ ಗೂಡಿನಲ್ಲಿ ಸೊನ್ನೆ ಇಡು’ ಎಂದು ಬರೆದೆ. ಬರೆದು, ಅಕ್ಷರ ಅಕ್ಷರ ಓದಿದೆ. ಅವತ್ತಿನ ಮಧ್ಯಾಹ್ನವೂ ಜನ ಸಿಂಗರಿಸಿಕೊಂಡೇ ಮಲಗಿದರು. ಗೊತ್ತಿದ್ದರೂ ಮನಸ್ಸು ಕೇಳುವುದಿಲ್ಲ. ಅವ್ವ ಅದೇ ಸೀರೆ ಉಟ್ಟಳು. ಕಟ್ಟಲು ಹಚ್ಚಿ ನಾನು ಬೀದಿಗೆ ಇಳಿದೆ. ಗಾಳಿ ಇರಲಿಲ್ಲ. ಕಿಟಕಿಗಳಲ್ಲಿ ಮುಖಗಳು ಶಾಂತವಾಗಿದ್ದವು, ಯಾವ ಕೈಯೂ ಗಾಳಿಯನ್ನು ಸವರಲಿಲ್ಲ. ಭಟ್ಟಿಯ ಪಕ್ಕದ ಕೋಣೆಯಲ್ಲಿ ಸಾವಂತ್ರೆವ್ವ ಮಗ್ಗುಲಾಗಿ ಮಲಗಿದ್ದಳು. ಅವಳ ಮುಚ್ಚಿದ ಕಣ್ಣಿನಿಂದ ಒಂದು ಹನಿ ಮೂಗಿನ ಮೇಲೆ ಹರಿದು ದಿಂಬಿಗೆ ಇಳಿಯಿತು. ನಾನು ಕಿಟಕಿಯ ಸರಳು ಹಿಡಿದು ಅಲ್ಲೇ ನಿಂತೆ. ಶಾಲೆಯ ದಾರಿಯಲ್ಲಿ ಚಂಪಾ ನನಗಿಂತ ಜೋರಾಗಿ ಓಡುತ್ತಿದ್ದದ್ದು ನೆನಪಾಯಿತು.

ಎದ್ದ ಮೇಲೆ ಎಲ್ಲರೂ ಕಟ್ಟೆಗೆ ಬಂದರು. ದೋಣಿ ಹೋಯಿತು, ದಂಡೆಯ ಹತ್ತಿರ ನಿಧಾನಿಸಿತು, ನಿಂತಿತು. ಎಲ್ಲರೂ ಅದನ್ನೇ ಹೇಳಿದರು. ಸಾವಂತ್ರೆವ್ವ ಎಲ್ಲರಿಗಿಂತ ಕೊನೆಗೆ ಬಂದಳು.

“ಗೂಡು?” ಎಂದೆ.

“ಸ್ವಚ್ಛ ಇತ್ತು,” ಎಂದಳು. “ಸಾರಿಸಿದಂಗ.”

ಆ ಸಂಜೆ ಅವ್ವ ಇಳಕಲ್ ಸೀರೆ ಮಡಿಸುತ್ತಾ ಇದ್ದಕ್ಕಿದ್ದಂತೆ ನಕ್ಕಳು. ಯಾಕೆ ಎಂದು ಕೇಳಿದೆ. “ನಿಮ್ಮಪ್ಪಗ ಮದವಿ ಆದಾಗ ಸೈಕಲ್ ಹೊಡ್ಯಾಕ ಬರತಿರಲಿಲ್ಲ,” ಎಂದಳು. “ಬರತದ ಅಂತ ನಮ್ಮಪ್ಪನ ಮುಂದ ಸುಳ್ಳು ಹೇಳಿದ್ರು. ನನ್ನ ಹಿಂದ ಕೂಡ್ರಿಸ್ಕೊಂಡು ಹೊಂಟು, ಊರ ಅಗಸಿ ಬಾಗಲಾ ದಾಟೂದ್ರಾಗ ಇಬ್ಬರೂ ಕೂಡಿ ತಿಪ್ಯಾಗ ಬಿದ್ವಿ. ಎದ್ದವರೇ, ಇಲ್ಲೇ ಇಳೀಬೇಕಿತ್ತು ಅಂದ್ರು.” ಈ ಮಾತನ್ನು ನಾನು ಯಾವತ್ತೂ ಕೇಳಿರಲಿಲ್ಲ. ಅವಳು ಇನ್ನೂ ಹೇಳಿದಳು. ನಾನು ಮಧ್ಯೆ ಮಧ್ಯೆ ಕೇಳಿದೆ, ಅವಳು ಉತ್ತರ ಕೊಟ್ಟಳು. ಒಲೆಯ ಮೇಲಿನ ಸಾರು ಸೀದ ವಾಸನೆ ಬರುವವರೆಗೂ ಕುಳಿತಿದ್ದೆವು.

ದೋಣಿ ಬಿಟ್ಟ ದಿನ ಯಾರೂ ಮೀರಾಸಾಬ ಕಾಕಾನನ್ನು ಒಬ್ಬನೇ ಹೋಗಲು ಬಿಡಲಿಲ್ಲ. ಹಿಡಿಸುವಷ್ಟು ಜನ ಹತ್ತಿದೆವು. ಸಾವಂತ್ರೆವ್ವ ಆಚೆ ದಂಡೆಯ ಸಂತೆಗೆ ಎಂದು ಚುರುಮುರಿಯ ದೊಡ್ಡ ಚೀಲ ತಂದಿದ್ದಳು. ನಾನು ಗುಂಡಿ ಒತ್ತಿದೆ. ರಾಟೆ ಗುರ್ ಎಂದಿತು, ಹಗ್ಗ ನೀರಿನಿಂದ ಮೇಲೆದ್ದು ಹನಿ ಉದುರಿಸಿತು, ದೋಣಿ ಹೊರಟಿತು.

ಕಾಕಾ ತನ್ನ ಹಳೆಯ ಜಾಗದಲ್ಲಿ ನಿಂತಿದ್ದ. ಹಗ್ಗ ಅವನ ಮುಂದೆಯೇ ತಾನಾಗಿ ಸಾಗುತ್ತಿತ್ತು. ಅವನಿಗೆ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಸೊಂಟದ ಮೇಲೆ ಇಟ್ಟ, ತೆಗೆದ, ಬೆನ್ನ ಹಿಂದೆ ಕಟ್ಟಿದ, ಮತ್ತೆ ಮುಂದೆ ತಂದು ನೋಡಿಕೊಂಡ. ಸಾವಂತ್ರೆವ್ವ ಚೀಲದ ಬಾಯಿ ಬಿಚ್ಚಿದಳು.

“ಕೈ ಹಿಡಿ ಅಣ್ಣಾ,” ಎಂದಳು.

ಅವನು ಎರಡೂ ಅಂಗೈ ಕೂಡಿಸಿ ಚಾಚಿದ. ಅವಳು ಇನ್ನೂ ಬೆಚ್ಚಗಿದ್ದ ಚುರುಮುರಿಯನ್ನು ತುಂಬಿ ತುಳುಕುವಷ್ಟು ಸುರಿದಳು. ಅರ್ಧ ಚೆಲ್ಲಿ ನೀರಿಗೆ ಬಿತ್ತು, ಮೀನುಗಳು ಮೇಲೆ ಬಂದವು. ಆಮೇಲೆ ಚೀಲ ಕೈಯಿಂದ ಕೈಗೆ ಹೋಯಿತು. ಎಲ್ಲರೂ ಮುಕ್ಕುತ್ತಾ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕುಳಿತೆವು. ಹೊಳೆಯ ನಡುವೆ ಗಾಳಿ ತಂಪಾಗಿತ್ತು. ಮಾತು ಕಡಿಮೆಯಾಯಿತು, ಕೆಲವರ ಕಣ್ಣು ನಿದ್ದೆಗೆ ಎಳೆಯತೊಡಗಿದವು. ನನ್ನದೂ ಎಳೆಯಿತು.

“ಇಳೀರಿ,” ಎಂದ ಮೀರಾಸಾಬ ಕಾಕಾ, ಬಾಯಿ ತುಂಬ ಚುರುಮುರಿ ಇಟ್ಟುಕೊಂಡೇ. “ದಂಡಿ ಮುಟ್ಟಿ ಆಗ್ಲೇ ಎಷ್ಟೋ ಹೊತ್ತಾತು.”